ಸಾವಂತ್ರೆವ್ವನಿಗಾಗಿ ಎತ್ತಿದ ಕಲ್ಲು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಕುಲವನ್ನೂ ಅಲ್ಲ, ಅಡುಗೆಯನ್ನೂ ಅಲ್ಲ. ‘ಹುಡುಗಿಯ ಸಾಮಿನ ಜೋಡಿ ಯಾರು’ ಎಂದು ಕೇಳುತ್ತಾರೆ. ಕೇಳಲೇಬೇಕು. ಗರಡಿಮನೆಯಲ್ಲಿ ನಾವು ತೆಗೆಯುವ ಸಾಮು ನಮ್ಮ ಮೈಗೆ ಹತ್ತುವುದಿಲ್ಲ, ಎದುರು ಕೂತ ಜೋಡಿಯ ಮೈಗೆ ಹತ್ತುತ್ತದೆ. ನಾನು ಕಲ್ಲು ಎತ್ತಿದರೆ ಬೆವರು ನನ್ನದು, ಮೈಕೈ ನೋವು ನನ್ನದು, ಕಸುವು ಮಾತ್ರ ಅವಳದು. ಅವಳು ಬೈಠಕ್ ಹೊಡೆದರೆ ನನ್ನ ತೊಡೆ ಗಟ್ಟಿಯಾಗುತ್ತದೆ. ಇದು ಯಾವಾಗಿನಿಂದ ಹೀಗೆ ಎಂದು ಯಾರೂ ಕೇಳಿದ್ದಿಲ್ಲ. ಹುಣಸೆಹಣ್ಣು ಯಾಕೆ ಹುಳಿ ಎಂದು ಯಾರಾದರೂ ಕೇಳುತ್ತಾರೆಯೇ.

ಹಾಗಾಗಿ ನಮ್ಮಲ್ಲಿ ತೋಳು ನೋಡಿ ಯಾರನ್ನೂ ಹೊಗಳುವುದಿಲ್ಲ. ಯಾರದಾದರೂ ತೋಳು ಚೆನ್ನಾಗಿದ್ದರೆ ಅವನ ಜೋಡಿಯ ಮನೆಗೆ ಹೋಗಿ ಹೊಗಳಿ ಬರುತ್ತೇವೆ. ಗಾಣದ ಮಡಿವಾಳಪ್ಪ ಎಮ್ಮೆಯ ಕರುವನ್ನು ಹೆಗಲ ಮೇಲೆ ಹಾಕಿಕೊಂಡು ಬೀದಿಯಲ್ಲಿ ನಡೆದರೆ ಜನ ಎದ್ದು ನಿಲ್ಲುವುದು ಅವನ ಜೋಡಿ ದರ್ಜಿ ಈರಪ್ಪನಿಗೆ. ಆ ಈರಪ್ಪ ಇಷ್ಟು ವರ್ಷವಾದರೂ ಊದಿನಕಡ್ಡಿಯಂತೆಯೇ ಉಳಿದಿರುವುದನ್ನು ನೋಡಿ, ಮಡಿವಾಳಪ್ಪ ಎಂಥ ಮೈಗಳ್ಳ ಎಂಬುದೂ ಊರಿಗೆಲ್ಲ ಗೊತ್ತು. ಒಬ್ಬರ ಸೋಮಾರಿತನ ಇನ್ನೊಬ್ಬರ ಮೈಮೇಲೆ ಕಾಣುವ ಊರು ನಮ್ಮದು. ಗಂಡ ಹೆಂಡತಿ ಜೋಡಿಯಾಗುವ ಹಾಗಿಲ್ಲ. ಮನೆಯ ಜಗಳ ಮೈಗೆ ಬರುತ್ತದೆ ಎಂದು ಹಿರಿಯರು ಎಂದೋ ನಿಲ್ಲಿಸಿದ್ದಾರೆ. ಹಠಕ್ಕೆ ಬಿದ್ದು ಒಬ್ಬರೇ ಸಾಮು ತೆಗೆದವರೂ ಇದ್ದಾರೆ. ಅವರಿಗೆ ನೋವು ಬಿಟ್ಟು ಇನ್ನೇನೂ ಸಿಗಲಿಲ್ಲ.

ಊರು ಬಹಳ ಎತ್ತರದಲ್ಲಿದೆ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಕೆರೆಯ ನೀರು ಅಲುಗುವುದನ್ನು ನಿಲ್ಲಿಸುತ್ತದೆ, ಆಮೇಲೆ ಬೆಳ್ಳಗಾಗುತ್ತದೆ, ಆಮೇಲೆ ಅದರ ಮೇಲೆ ಎತ್ತಿನ ಗಾಡಿ ಹೋಗುತ್ತದೆ. ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಹೊರಡುವವರೆಗೆ ನಮಗಿರುವುದು ಒಂದೇ ಆಟ, ಐಸ್ ಹಾಕಿ. ಕಾಲಿಗೆ ಕಬ್ಬಿಣದ ಅಲಗು ಕಟ್ಟಿದ ಬೂಟು, ಕೈಯಲ್ಲಿ ತುದಿ ಬಾಗಿದ ಕೋಲು, ಮಂಜುಗಡ್ಡೆಯ ಮೇಲೆ ಸರ್ರನೆ ಜಾರುವ ರಬ್ಬರಿನ ಬಿಲ್ಲೆ. ಗಂಡಸರೂ ಆಡುತ್ತಾರೆ, ಆದರೆ ದಂಡೆಯ ಮೇಲೆ ಜನ ಸೇರುವುದು ಹೆಂಗಸರ ಪಂದ್ಯಕ್ಕೆ, ಅದರಲ್ಲೂ ಆಚೆ ದಂಡೆಯ ಊರಿನವರೊಂದಿಗೆ ನಡೆಯುವ ಪಂದ್ಯಕ್ಕೆ. ಈ ಆಟದಲ್ಲಿ ಡಿಕ್ಕಿ ಹೊಡೆಯುವುದು ತಪ್ಪಲ್ಲ, ಡಿಕ್ಕಿಗೆ ಬೀಳುವುದು ತಪ್ಪು. ನಮ್ಮ ಗರಡಿಯ ಉಸ್ತಾದ ಮೋದಿನಸಾಬರು ಬೇಸಿಗೆಯಿಡೀ ಅದನ್ನೇ ಹೇಳುತ್ತಿದ್ದರು: “ಬಿಲ್ಲಿ ಹೊಡಿಯೂದು ಕೈಯಿಂದಲ್ಲವಾ, ತೊಡಿಯಿಂದ. ತೊಡಿ ಗಟ್ಟಿ ಇಲ್ಲದಾಕಿ ಬರ್ಫಿನ ಮ್ಯಾಲ ನಿಂತ್ರ ಕಸಬರಿಗಿ ನಿಲ್ಲಿಸಿದಂಗ.”

ನಾನು ಕಂಬಳಿ ನೇಯುವವಳು, ಹೆಸರು ಹೊಳೆವ್ವ. ತಂಡದಲ್ಲಿ ನನ್ನದು ಹಿಂದೆ ನಿಂತು ತಡೆಯುವ ಕೆಲಸ. ನನ್ನ ಜೋಡಿ ಸಾವಂತ್ರೆವ್ವ ರೊಟ್ಟಿ ಬಡಿದು ಮಾರುವವಳು, ಮುಂದೆ ನುಗ್ಗಿ ಗೋಲು ಹೊಡೆಯುವವಳು. ನನಗಿಂತ ಹತ್ತು ವರ್ಷ ದೊಡ್ಡವಳು. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿಕೊಟ್ಟು, ಆ ಮದುವೆಯ ಸೀರೆಯಲ್ಲೇ ಮರುದಿನ ಕೆರೆಗಿಳಿದು ಆಡಿದ ಘಾಟಿ. ಉಸ್ತಾದರು ನಮ್ಮನ್ನು ಜೋಡಿ ಮಾಡಿದಾಗ ಊರು ನಕ್ಕಿತ್ತು. ನಾನು ಬಾಯಿ ಬಿಡದವಳು, ಬಿಟ್ಟರೆ ಜಗಳವೇ. ಅವಳಿಗೆ ನಿದ್ದೆಯಲ್ಲೂ ಬಾಯಿ ನಿಲ್ಲುವುದಿಲ್ಲ ಎಂದು ಅವಳ ಗಂಡ ಸಂಗಪ್ಪನೇ ಹೇಳುತ್ತಿದ್ದ. ಒಂದು ಅಚ್ಚು ಬೆಲ್ಲವನ್ನು ಇಬ್ಬರೂ ಎರಡು ಕಡೆಯಿಂದ ಕಚ್ಚಿದೆವು, ಗರಡಿಯ ಕೆಮ್ಮಣ್ಣನ್ನು ಒಬ್ಬರ ಹಣೆಗೆ ಒಬ್ಬರು ಹಚ್ಚಿದೆವು. ಅಲ್ಲಿಗೆ ಜೋಡಿಯಾಯಿತು. ಬೆಲ್ಲ ಅಗಿಯುತ್ತಲೇ ಅವಳು ಹೇಳಿದಳು: “ನಾ ಕೊಡೂದ್ರಾಗ ಕಂಜೂಸಿ ಮಾಡಾಕಿ ಅಲ್ಲ. ನೀನೂ ಮಾಡಬ್ಯಾಡ.”

ಮೊದಲ ಬಾರಿ ಕಸುವು ಬಂದ ಬೆಳಗನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹಿಂದಿನ ದಿನ ಅವಳು ನನ್ನನ್ನೇ ಹೆಗಲ ಮೇಲೆ ಕೂರಿಸಿಕೊಂಡು ಬೈಠಕ್ ಹೊಡೆದಿದ್ದಳು. ಬೆಳಿಗ್ಗೆ ನಾನು ಮಗ್ಗದ ಗುಂಡಿಯಿಂದ ಏಳಲು ಹೋದೆ, ಕೈಯೂರುವ ಮೊದಲೇ ಎದ್ದುಬಿಟ್ಟಿದ್ದೆ. ತೊಡೆ ಮುಟ್ಟಿಕೊಂಡರೆ ನನ್ನದೇ ತೊಡೆ, ಆದರೆ ಒಳಗೆ ಇನ್ಯಾರೋ ನಿಂತು ನನ್ನನ್ನು ಎತ್ತಿಹಿಡಿದ ಹಾಗಿತ್ತು. ಹೆದರಿಕೆಯಾಯಿತು, ಆಮೇಲೆ ಅಳು ಬಂತು. ಜಗತ್ತಿನಲ್ಲಿ ಒಬ್ಬಳು ನಿನ್ನೆ ನನಗೋಸ್ಕರ ಬೆವರಿದ್ದಾಳೆ, ಇವತ್ತು ಕಾಲೆಳೆಯುತ್ತ ರೊಟ್ಟಿ ಬಡಿಯುತ್ತಿದ್ದಾಳೆ ಎಂಬುದನ್ನು ಮೈಯೇ ಹೇಳುವಾಗ ಮನುಷ್ಯರಾದವರಿಗೆ ಇನ್ನೇನಾಗಬೇಕು. ಅವತ್ತೇ ಗರಡಿಗೆ ಹೋಗಿ ನಾನು ಕಣ್ಣು ಕತ್ತಲೆ ಬರುವವರೆಗೆ ಕಲ್ಲು ಎತ್ತಿದೆ.

ಹೀಗೆ ಎಷ್ಟೋ ಚಳಿಗಾಲ ನಡೆಯಿತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವಳು ಕೆರೆಯ ಏರಿ ಹತ್ತಿ ಓಡುವಳು, ನಾನು ಹಿಂದಿನಿಂದ ಹಗ್ಗ ಜಗ್ಗಿ ಹಿಡಿಯುವೆ. ಆಮೇಲೆ ನಾನು ಓಡುವೆ, ಅವಳು ಜಗ್ಗುವಳು. ಉರುಟು ಕಲ್ಲನ್ನು ಸೊಂಟ ತಿರುಗಿಸಿ ಪಕ್ಕದಿಂದ ಎಸೆಯುವುದು, ಹಿಡಿಯುವುದು, ಮತ್ತೆ ಎಸೆಯುವುದು. ಕೋಲು ಬೀಸುವ ಬಲ ಇರುವುದು ಆ ತಿರುವಿನಲ್ಲೇ. ಒಂಟಿಕಾಲಿನ ಬೈಠಕ್. ಕೊನೆಗೆ ಗುಂಡುಕಲ್ಲು ಎತ್ತುವುದು: ಮೊದಲು ಸಣ್ಣದು, ಆಮೇಲೆ ನಡುಗುಂಡು, ಆಮೇಲೆ ದೊಡ್ಡದು. ಎಲ್ಲವನ್ನೂ ಜೋಡಿಯ ಮುಖ ನೋಡುತ್ತಲೇ ಮಾಡಬೇಕು. ಕಣ್ಣು ಇಲ್ಲಿದ್ದು ಮನಸ್ಸು ಬೇರೆ ಮುಖದ ಮೇಲಿದ್ದರೆ ಕಸುವು ಆ ಮುಖದ ಕಡೆಗೆ ಹೊರಟುಹೋಗುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅದಕ್ಕೇ ನಾನು ಸಾವಂತ್ರೆವ್ವನ ಮುಖವನ್ನು ನೋಡಿದಷ್ಟು ನನ್ನ ಗಂಡನ ಮುಖವನ್ನೂ ನೋಡಿಲ್ಲ. ಅವಳ ಎಡಗಣ್ಣಿನ ಕೆಳಗೆ ರೊಟ್ಟಿಯ ಬೆಂಕಿಗೆ ಸುಟ್ಟ ಕಲೆ ಇದೆ. ಅದರ ಆಕಾರವನ್ನು ಕಣ್ಣು ಮುಚ್ಚಿ ಕಂಬಳಿಯಲ್ಲಿ ನೇಯಬಲ್ಲೆ.

ಆ ವರ್ಷ ಕೆರೆ ಗಟ್ಟಿಯಾದ ಹೊಸದರಲ್ಲೇ ಸಾವಂತ್ರೆವ್ವ ಬಿದ್ದಳು. ಯಾರೂ ಡಿಕ್ಕಿ ಹೊಡೆದಿರಲಿಲ್ಲ, ತಿರುವಿನಲ್ಲಿ ಕಾಲು ಹಿಡಿಯಲಿಲ್ಲ ಅಷ್ಟೇ. ನಕ್ಕು ಎದ್ದಳು. ಮರುದಿನ ಮತ್ತೆ ಬಿದ್ದಳು. ಆಮೇಲೆ ಬಿಲ್ಲೆ ಹೊಡೆದರೆ ಅದು ಅರ್ಧ ದಾರಿಯಲ್ಲಿ ನಿಲ್ಲತೊಡಗಿತು. ಉಸಿರು ಸಾಲದೆ ಕೋಲಿನ ಮೇಲೆ ಒರಗಿ ನಿಲ್ಲುವಳು. ಗರಡಿಯಲ್ಲಿ ಅವಳು ಹೂವಿನ ಹಾಗೆ ಎತ್ತುತ್ತಿದ್ದ ನಡುಗುಂಡು ಮಣಕಾಲಿನವರೆಗೂ ಬರಲಿಲ್ಲ. ನಾನು ಹೆದರಿ ಎರಡು ಪಟ್ಟು ಸಾಮು ತೆಗೆದೆ. ಬೆಳಿಗ್ಗೆ ಹೋದೆ, ಸಂಜೆ ಹೋದೆ, ಅವಳನ್ನು ಎದುರು ಕೂರಿಸಿಕೊಂಡು ಬೆನ್ನು ಬಿರಿಯುವ ಹಾಗೆ ಎತ್ತಿದೆ. ಅವಳು ಇನ್ನಷ್ಟು ಸೊರಗಿದಳು.

ಅವಳ ಸೊರಗುವಿಕೆಗಿಂತ ನನ್ನ ಮೈಯೇ ನನಗೆ ಶತ್ರುವಾಯಿತು. ಯಾಕೆಂದರೆ ಸಾವಂತ್ರೆವ್ವ ಆ ಬಳಲಿಕೆಯಲ್ಲೂ ಬೈಠಕ್ ಬಿಟ್ಟಿರಲಿಲ್ಲ, ಮತ್ತು ಅವಳು ಕೊಟ್ಟದ್ದೆಲ್ಲ ನನಗೆ ಬರುತ್ತಲೇ ಇತ್ತು. ನನ್ನ ತೊಡೆ ಕಂಬದ ಹಾಗಿತ್ತು, ಅವಳ ಕಾಲು ನಡುಗುತ್ತಿತ್ತು. ನೋಡುವವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳು ಕೊಡುತ್ತಿದ್ದಾಳೆ, ಇವಳು ಕೊಡುತ್ತಿಲ್ಲ. ಊರಿನ ಬಾಯಲ್ಲಿ ನಾನು ಕಸುವುಗಳ್ಳಿಯಾದೆ.

ನಮ್ಮೂರಿನಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಕಳ್ಳತನ ಮಾಡಿದವನ ಜೊತೆ ಜನ ಚಹಾ ಕುಡಿಯುತ್ತಾರೆ, ಕಸುವುಗಳ್ಳಿಯ ಎದುರು ಯಾರೂ ಕೂರುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ ನಾನು ಹೋದರೆ ಹೆಂಗಸರು ಮಗ್ಗುಲಾಗಿ ತಿರುಗಿ ಕೂರತೊಡಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನಗೆ ಹೆಗಲು ಮುಟ್ಟಿಕೊಂಡರೂ ಕಷ್ಟ, ಸುಮ್ಮನಿದ್ದರೂ ಕಷ್ಟ. ನನ್ನ ಗಂಡ ಯಮನೂರಪ್ಪ ಒಳ್ಳೆಯವನು, ಊರಿನ ಮಾತಿಗೆ ಕಿವಿ ಕೊಡುವವನಲ್ಲ. ಅವನೂ ಒಂದು ದಿನ ಉಣ್ಣುವಾಗ ತಲೆ ಎತ್ತದೆ ಕೇಳಿದ.

“ಹೊಳೆವ್ವಾ, ನಾ ಏನೂ ಅನ್ನೂದಿಲ್ಲ. ಯಾರಿಗೆ ಕೊಡಾಕತ್ತಿ, ಹೇಳಿಬಿಡು.”

ನಾನು ರೊಟ್ಟಿಯ ಬುಟ್ಟಿಯನ್ನು ಎತ್ತಿ ಒಳಗಿಟ್ಟೆ. ಅವನು ಬರೀ ಪಲ್ಯ ತಿಂದು ಎದ್ದ.

ಎರಡು ದಿನ ಕಳೆದು ಸಾವಂತ್ರೆವ್ವನೇ ನನ್ನ ಮಗ್ಗದ ಹತ್ತಿರ ಬಂದಳು. ಬಂದವಳು ಮಾತಾಡಲಿಲ್ಲ. ಅವಳು ಮಾತಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು; ನನ್ನ ಕೈಯ ಲಾಳಿ ತಾನಾಗಿ ನಿಂತಿತು.

“ಮಂದಿ ಮಾತ ನಾ ನಂಬಾಕಿ ಅಲ್ಲ,” ಎಂದಳು ಕೊನೆಗೆ. “ಖರೆ ನನ್ನ ಮೈ ಸುಳ್ಳು ಹೇಳತೈತೇನು? ನಿನ್ನ ಕಡಿಂದ ಒಂದು ಚೂರೂ ಬರವಲ್ದು ಹೊಳೆವ್ವಾ. ಬೆಲ್ಲ ಕಚ್ಚಿದ ದಿನದಿಂದ ಹಿಂಗಾಗಿದ್ದಿಲ್ಲ. ನಡುವ ಬ್ಯಾರೆ ಯಾರರ ಬಂದಾರ? ನಿನ್ನ ತಂಗಿ ಮಗಳಿಗೆ ಕೊಡಾಕತ್ತಿಯೇನು?”

“ನಿನ್ನ ಮುಖಾ ಬಿಟ್ಟು ನಾ ಬ್ಯಾರೆ ಮುಖಾ ನೋಡಿಲ್ಲ.”

“ನೋಡೂದು ಬ್ಯಾರೆ, ನೆನಿಯೂದು ಬ್ಯಾರೆ.”

“ನೆನದೂ ಇಲ್ಲ.”

“ಹಂಗಾರ ಎಲ್ಲಿ ಹೋತದು?” ಎಂದಳು. ನನಗೂ ಅದೇ ಪ್ರಶ್ನೆ ಇತ್ತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುವುದನ್ನು ಕೇಳಿದ್ದೆ, ಇಲ್ಲಿ ನನ್ನ ಕೈಯಿಂದ ಹೊರಟದ್ದು ಯಾರ ಬಾಯಿಗೂ ಬೀಳದೆ ನಡುವೆಯೇ ಮಾಯವಾಗುತ್ತಿತ್ತು. ಅವಳು ಎದ್ದು ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತಳು. ವಯಸ್ಸು ನಲವತ್ತು ದಾಟಿತು, ಮುಟ್ಟೂ ನಿಂತಿತು, ಇನ್ನು ಮೈ ಹೀಗೇ ಏನೋ ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತ ಹೋದಳು.

ಆಮೇಲೆ ನನಗೆ ನನ್ನ ಮೇಲೇ ಅನುಮಾನ ಹತ್ತಿತು. ಕಲ್ಲು ಎತ್ತುವಾಗ ನಿಜಕ್ಕೂ ನನ್ನ ಮನಸ್ಸು ಎಲ್ಲಿರುತ್ತದೆ ಎಂದು ಹಿಡಿಯಲು ಹೋದೆ. ಮನಸ್ಸನ್ನು ಹಿಡಿಯಲು ಹೋದರೆ ಅದು ಎಲ್ಲೆಲ್ಲೋ ಓಡುವುದೂ ಗೊತ್ತಾಯಿತು. ಒಂದು ಸಲ ಮಗ್ಗಕ್ಕೆ, ಒಂದು ಸಲ ತೀರಿಹೋದ ನನ್ನ ಅಕ್ಕನ ಕಡೆಗೆ. ಅಕ್ಕನ ನೆನಪಾದದ್ದೇ ಕಲ್ಲು ಕೆಳಗಿಟ್ಟೆ. ಉಸ್ತಾದರ ಹತ್ತಿರ ಹೋಗಿ, ಕಸುವು ಸತ್ತವರಿಗೂ ಹೋಗುತ್ತದೆಯೇ ಎಂದು ಕೇಳಿದೆ. ಮೋದಿನಸಾಬರು ಗರಡಿಯ ಮಣ್ಣಿಗೆ ಎಣ್ಣೆ ಮಜ್ಜಿಗೆ ಹಾಕಿ ಕಲಸುತ್ತಿದ್ದರು.

“ಸತ್ತವರಿಗೆ ಕಸುವು ಯಾಕ ಬೇಕವಾ,” ಎಂದರು. “ಅವರೇನ ಎತ್ತಬೇಕಾಗೇತಿ. ಕಸುವು ಬೇಕಾದವರ ಕಡಿಗೇ ಹೋಗತೈತಿ ಅದು.” ಸ್ವಲ್ಪ ಹೊತ್ತು ಮಣ್ಣು ಕಲಸಿ ಮತ್ತೆ ಹೇಳಿದರು. “ಮಂದಿ ಬಂದಿದ್ರು ನನ್ನ ಕಡೆ. ಸಾಕ್ಷಿ ಎತ್ತಸ್ರಿ ಅಂತಾರ. ಮೊದಲ ನಾ ಬ್ಯಾಡ ಅಂದೆ. ಈಗ ಎತ್ತಸಬೇಕಾಗೇತಿ. ಆಚಿ ದಂಡಿಯವರ ಪಂದ್ಯಾ ಹತ್ರ ಬಂತು, ಸಾವಂತ್ರಿಗೆ ಬ್ಯಾರೆ ಜೋಡಿ ಹಚ್ಚಬೇಕಂದ್ರ ಇದು ಮುಗೀಬೇಕಲ್ಲ.”

ಸಾಕ್ಷಿ ಎತ್ತುವುದೆಂದರೆ ಹೀಗೆ. ಇಡೀ ಗರಡಿಯ ಎದುರು, ಅನುಮಾನಕ್ಕೆ ಬಿದ್ದವಳು ದೊಡ್ಡ ಗುಂಡನ್ನು ಜೋಡಿಯ ಮುಖ ನೋಡುತ್ತ ಎತ್ತಬೇಕು. ಅದೇ ಗಳಿಗೆಯಲ್ಲಿ ಜೋಡಿ ನಡುಗುಂಡನ್ನು ಎತ್ತಬೇಕು. ಕೊಡುವವಳ ಮನಸ್ಸು ನೆಟ್ಟಗಿದ್ದರೆ ಜೋಡಿಯ ಗುಂಡು ಮೇಲೇಳುತ್ತದೆ. ಏಳದಿದ್ದರೆ ಇಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ಉಸ್ತಾದರು ನಡುವೆ ಒಂದು ಹಿಡಿ ಮಣ್ಣು ಸುರಿಯುತ್ತಾರೆ. ಅದಕ್ಕೆ ಬೆನ್ನು ಮಾಡುವುದು ಎನ್ನುತ್ತೇವೆ. ಬೆನ್ನು ಮಾಡಿದ ಜೋಡಿ ಮತ್ತೆ ಎದುರು ಕೂರುವ ಹಾಗಿಲ್ಲ, ಮತ್ತು ಸಾಕ್ಷಿಯಲ್ಲಿ ಸೋತವಳಿಗೆ ಊರಲ್ಲಿ ಇನ್ನೊಂದು ಜೋಡಿ ಸಿಗುವುದಿಲ್ಲ. ಜೋಡಿ ಇಲ್ಲದವಳಾಗಿ ಬದುಕುವುದೇನು ದೊಡ್ಡ ವಿಷಯವಲ್ಲ, ಕಂಬಳಿ ನೇಯಲು ಎಷ್ಟು ಕಸುವು ಬೇಕು. ಆದರೆ ಸಾವಂತ್ರೆವ್ವನ ಎದುರು ಕೂರದೆ ನಾನು ಯಾರ ಮುಖ ನೋಡಲಿ. ಅಷ್ಟು ದಿನವೂ ಅಳದವಳು, ಅವತ್ತು ಉಸ್ತಾದರ ಎದುರು ಅತ್ತೆ.

ಸಾಕ್ಷಿಯ ದಿನ ಮಧ್ಯಾಹ್ನದ ಬಿಸಿಲಿಗೇ ಗರಡಿ ತುಂಬಿತ್ತು. ಕಿಟಕಿಯಲ್ಲಿ, ಮಾಡಿನ ತೊಲೆಯ ಮೇಲೆ ಜನ. ಯಮನೂರಪ್ಪ ಹಿಂದೆ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ನಾನು ಕಚ್ಚೆ ಬಿಗಿದು, ಕೈಗೆ ಮಣ್ಣು ಹಚ್ಚಿ, ದೊಡ್ಡ ಗುಂಡಿನ ಎದುರು ಕಾಲು ಅಗಲಿಸಿ ನಿಂತೆ. ಅದನ್ನು ಅದುವರೆಗೆ ಯಾವ ಹೆಂಗಸೂ ಎದೆಯವರೆಗೆ ತಂದಿರಲಿಲ್ಲ. ಎದುರಿಗೆ ಸಾವಂತ್ರೆವ್ವ. ಅವಳ ಮುಖ ನೋಡಿದೆ. ಸುಟ್ಟ ಕಲೆ, ಬೆವರಿನ ತುಟಿ, ನನ್ನನ್ನೇ ನೋಡುತ್ತಿದ್ದ ಕಣ್ಣು. ಆ ಕಣ್ಣಲ್ಲಿ ಕೋಪವಿರಲಿಲ್ಲ, ಬೇಡಿಕೆ ಇತ್ತು. ಹೇಗಾದರೂ ಮಾಡಿ ನನಗೆ ಬರುವ ಹಾಗೆ ಎತ್ತು ಎಂದು ಬೇಡುವ ಕಣ್ಣು.

ಎತ್ತಿದೆ. ಆ ಕಲ್ಲು ಮಣಕಾಲಿಗೆ ಬಂತು, ತೊಡೆಗೆ ಬಂತು, ಎದೆಗೆ ಬಂತು. ಅದನ್ನು ಎತ್ತಿದ್ದು ಅವಳು ನನಗೆ ಕೊಟ್ಟ ಕಸುವು ಎಂದು ನನ್ನ ಮೂಳೆ ಮೂಳೆಗೂ ಗೊತ್ತಾಗುತ್ತಿತ್ತು. ಅವಳದನ್ನೇ ಅವಳಿಗೆ ಹಿಂದಿರುಗಿಸುತ್ತಿದ್ದೇನೆ, ತಗೋ, ಪೂರ್ತಿ ತಗೋ ಎಂದು ಮನಸ್ಸಿನಲ್ಲೇ ಹೇಳಿದೆ. ಸಾವಂತ್ರೆವ್ವ ನಡುಗುಂಡಿಗೆ ಕೈ ಹಾಕಿ ಜಗ್ಗಿದಳು. ಅದು ಅಲ್ಲಾಡಲಿಲ್ಲ. ಇನ್ನೊಮ್ಮೆ ಜಗ್ಗಿದಳು, ಕಾಲು ಕುಸಿದು ಮಣ್ಣಿನ ಮೇಲೆ ಕೈಯೂರಿದಳು.

ಯಾರಾದರೂ ಏನಾದರೂ ಅಂದಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡುತ್ತಿದ್ದೆ. ಮೋದಿನಸಾಬರು ಮುಖ ಒರೆಸಿಕೊಂಡು ಎದ್ದು ಬಂದು, ನನ್ನನ್ನು ತಿರುಗಿಸಿ ನಿಲ್ಲಿಸಿದರು, ಸಾವಂತ್ರೆವ್ವನನ್ನು ಎಬ್ಬಿಸಿ ಅವಳ ಬೆನ್ನನ್ನು ನನ್ನ ಬೆನ್ನಿಗೆ ಹಚ್ಚಿದರು. ಅವಳ ಬೆನ್ನು ನಡುಗುತ್ತಿತ್ತು. ಉಸ್ತಾದರು ಹಿಡಿ ತುಂಬ ಮಣ್ಣು ತೆಗೆದುಕೊಂಡು, ವಾಡಿಕೆಯ ಮಾತು ಕೇಳಿದರು.

“ಹೊಳೆವ್ವಾ, ಬೆನ್ನು ಮಾಡೂಕಿಂತ ಮುಂಚೆ ಕೇಳತೇನಿ. ಯಾರಿಗೆ ಕೊಟ್ಟಿ?”

“ಈಕಿಗೇ ಕೊಟ್ಟೀನಿ,” ಎಂದೆ.

“ಸಾಕ್ಷಿ ಹಂಗ ಹೇಳವಲ್ದು.”

ನನಗೆ ಸಿಟ್ಟು ನೆತ್ತಿಗೇರಿತು. ಸಾಕ್ಷಿಗೇನು ಗೊತ್ತು. ಕಾಲ ಬಳಿ ಬಿದ್ದಿದ್ದ ಆ ದೊಡ್ಡ ಗುಂಡನ್ನು ಬಗ್ಗಿ ಹಿಡಿದು, ಯಾರ ಮುಖವನ್ನೂ ನೋಡದೆ, ಎದುರಿನ ಸುಣ್ಣದ ಗೋಡೆ ನೋಡುತ್ತ ಮತ್ತೆ ಎತ್ತಿದೆ. ಗೋಡೆಯ ಮೇಲೂ ನನಗೆ ಕಂಡದ್ದು ಅವಳ ಮುಖವೇ. ಎತ್ತಿದ್ದನ್ನು ಧೊಪ್ಪನೆ ಕೆಳಗೆ ಹಾಕಿದೆ, ನೆಲ ಅದುರಿತು. ಬೆನ್ನಿಗಂಟಿದ್ದ ಬೆನ್ನು ತಟ್ಟನೆ ನಡುಗುವುದನ್ನು ನಿಲ್ಲಿಸಿತು.

“ಹೊಳೆವ್ವಾ,” ಎಂದಳು ಸಾವಂತ್ರೆವ್ವ. ಬಹಳ ಸಣ್ಣ ದನಿ, ಪಕ್ಕದಲ್ಲಿದ್ದ ಉಸ್ತಾದರಿಗೂ ಕೇಳಿತೋ ಇಲ್ಲವೋ. “ಇನ್ನೊಂದ ಸಲ ಎತ್ತು.”

“ಯಾಕ?”

“ಎತ್ತು ಅಂದ್ರ ಎತ್ತು.”

ಮೂರನೆಯ ಸಲ ಆ ಕಲ್ಲು ಎತ್ತುವ ತ್ರಾಣ ನನ್ನಲ್ಲಿ ಇರಲಿಲ್ಲ. ಆದರೂ ಎತ್ತಿದೆ. ಬರೀ ಮಣಕಾಲಿನವರೆಗೆ ಬಂತು. ಅಷ್ಟರಲ್ಲಿ ನನ್ನ ಬೆನ್ನಿಗಿದ್ದ ಬೆನ್ನು ಸರಿದುಹೋಯಿತು. ತಿರುಗಿ ನೋಡಿದರೆ ಅವಳು ಕೆಮ್ಮಣ್ಣಿನ ಮೇಲೆ ಕೂತುಬಿಟ್ಟಿದ್ದಳು, ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು. ಎರಡು ಹೆತ್ತವಳಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಅವಳು ನಂಬಲಾರದೆ ಜನರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು, ಕೊನೆಗೆ ನನ್ನನ್ನು ನೋಡಿದಳು.

“ಒದೀತು,” ಎಂದಳು. “ನೀ ಎತ್ತಿದಿ, ಇದು ಒದೀತು. ಈಗಿನ ಎರಡೂ ಸಲ.”

ನಾನು ಅವಳ ಎದುರು ಮಣ್ಣಿನ ಮೇಲೆ ಕೂತೆ. ಅವಳು ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಒತ್ತಿಕೊಂಡಳು. ಅಂಗೈ ಕೆಳಗೆ ಒಂದು ಚಿಕ್ಕ ಗುದ್ದು ಬಂತು. ಕಾಳು ಬೇಯುವಾಗ ಮಡಕೆಯ ಮುಚ್ಚಳ ಅಲುಗುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಆ ಚಳಿಗಾಲದಲ್ಲಿ ನಾನು ಎತ್ತಿದ್ದ ಕಲ್ಲೆಲ್ಲ, ಕೆರೆಯ ಏರಿಯ ಮೇಲೆ ಜಗ್ಗಿದ ಹಗ್ಗವೆಲ್ಲ, ಎರಡು ಹೊತ್ತಿನ ಬೆವರೆಲ್ಲ ಅಲ್ಲಿತ್ತು. ಯಾರ ಮುಖವನ್ನೂ ಕಾಣದ ಒಂದು ಜೀವ ಕತ್ತಲಲ್ಲಿ ಕೂತು ನನ್ನಿಂದ ಕೈತುಂಬ ಇಸಿದುಕೊಳ್ಳುತ್ತಿತ್ತು. ನಾನು ದೇವರ ಗುಡಿಯಲ್ಲೂ ಅಷ್ಟು ತಲೆ ಬಾಗಿಸಿದವಳಲ್ಲ, ಅವತ್ತು ಅವಳ ಮಡಿಲಿಗೆ ಹಣೆ ಹಚ್ಚಿ ಕೂತೆ. ಮೋದಿನಸಾಬರು ಹಿಡಿಯಲ್ಲಿದ್ದ ಮಣ್ಣನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ನಿಂತಿದ್ದರು. ಆಮೇಲೆ ನಿಧಾನಕ್ಕೆ ಬಗ್ಗಿ, ಅದನ್ನು ತೆಗೆದ ಜಾಗದಲ್ಲೇ ಹಾಕಿ ಸವರಿದರು.

ಸ್ವಲ್ಪ ಹೊತ್ತಿಗೆ ಗರಡಿಗೆ ಮಾತು ಬಂತು. ಮಾಡಿನ ತೊಲೆಯ ಮೇಲಿದ್ದ ಯಾರೋ “ಸಂಗಪ್ಪ ಎಲ್ಲದಾನು, ಅವಗ ಸಾಕ್ಷಿ ಎತ್ತಸ್ರಿ” ಎಂದರು. ಹೆಂಗಸರು ಸೆರಗು ಬಾಯಿಗೆ ತುರುಕಿ ನಕ್ಕರು. ಸಾವಂತ್ರೆವ್ವ ಮಾತ್ರ ನಗದೆ ನನ್ನ ಕೈ ಹಿಡಿದುಕೊಂಡೇ ಇದ್ದಳು. “ತಪ್ಪಾತು ನನ್ನ ಕಡಿಂದ,” ಎಂದಳು. ನಾನು ಅವಳ ಸೆರಗಿನ ಕೆಮ್ಮಣ್ಣು ಕೊಡವಿ ಎಬ್ಬಿಸಿದೆ. ಮನೆಗೆ ಹೋಗುವ ದಾರಿಯಲ್ಲಿ ಯಮನೂರಪ್ಪ ನನ್ನಿಂದ ಎರಡು ಮಾರು ಹಿಂದೆ ನಡೆದು ಬಂದ. ಅವತ್ತು ರೊಟ್ಟಿ ಅವನೇ ಬಡಿದ, ಹೊತ್ತಿಸಿದ, ಇಬ್ಬರೂ ತಿಂದೆವು. ಮರುದಿನದಿಂದ ಕಂಬಳಿ ಬೇಕೆಂದು ಜನ ಬಂದರು. ಮನೆಯಲ್ಲಿ ಕಂಬಳಿಯ ಮೇಲೆ ಕಂಬಳಿ ಇದ್ದವರೂ ಬಂದರು. ಅದು ನಮ್ಮೂರಿನವರು ತಪ್ಪಾಯಿತು ಎನ್ನುವ ರೀತಿ.

ಆಚೆ ದಂಡೆಯವರ ಪಂದ್ಯಕ್ಕೆ ಸಾವಂತ್ರೆವ್ವ ಆಡುವ ಹಾಗಿರಲಿಲ್ಲ. ನನ್ನವೇ ಎರಡು ಕಂಬಳಿ ಹೊದ್ದು ದಂಡೆಯ ಮೇಲೆ ಕೂತು, ಎರಡೂ ಊರಿಗೆ ಕೇಳುವ ಹಾಗೆ ಬೈಯುತ್ತಿದ್ದಳು. ಅವರ ಕಡೆ ದುರುಗವ್ವ ಎಂಬವಳಿದ್ದಳು. ಅವಳು ಬಿಲ್ಲೆ ಹಿಡಿದು ಬಂದರೆ ನಮ್ಮವರು ದಾರಿ ಬಿಡುತ್ತಿದ್ದರು, ಹೋರಿ ಬಂದಾಗ ಬಿಡುವ ಹಾಗೆ. ಆಟ ಅರ್ಧ ಆಗಿರುವಾಗ ಅವಳು ನನ್ನ ಕಡೆಗೇ ಬಂದಳು. ನಾನು ಮಣಕಾಲು ಬಗ್ಗಿಸಿ ಅಲಗನ್ನು ಓರೆಮಾಡಿ ಊರಿ ನಿಂತೆ. ನನ್ನ ತೊಡೆಯಲ್ಲಿ ಇದ್ದದ್ದು, ಉಸಿರು ಸಾಲದ ಒಬ್ಬ ಬಸುರಿ ಕಾಲು ನಡುಗುತ್ತಿದ್ದರೂ ಬಿಡದೆ ಹೊಡೆದ ಬೈಠಕ್. ನನ್ನನ್ನು ಕಳ್ಳಿ ಎಂದು ಅನುಮಾನಿಸುತ್ತಿದ್ದ ದಿನಗಳಲ್ಲೂ ನನಗೆ ಕೊಡುವುದನ್ನು ಅವಳು ಒಂದು ದಿನವೂ ನಿಲ್ಲಿಸಿರಲಿಲ್ಲ. ಅದನ್ನು ನೆನೆದೆ. ದುರುಗವ್ವ ಬಂದು ಬಡಿದಳು. ಎದೆಯ ಗೂಡು ಅದುರಿತು, ಕಾಲು ಕದಲಲಿಲ್ಲ. ಅವಳು ಕೂತ ಭಂಗಿಯಲ್ಲೇ ಜಾರುತ್ತ ದಂಡೆಯವರೆಗೆ ಹೋದಳು. ಹೋದವಳು ಎದ್ದು ಬಂದು ನನ್ನ ತೊಡೆಯನ್ನು ಕೋಲಿನಿಂದ ತಟ್ಟಿ, “ನಿನ್ನ ಜೋಡಿ ಯಾರವಾ” ಎಂದು ಕೇಳಿದಳು. ನಾನು ದಂಡೆಯ ಕಡೆ ಕೈ ತೋರಿಸಿದೆ. ದುರುಗವ್ವ ಅತ್ತ ತಿರುಗಿ ಕೈಮುಗಿದಳು. ಆಮೇಲೆ ಅವಳೇ ಒಂದು ಗೋಲು ಹೊಡೆದಳು, ನಾವು ಸೋತೆವು. ಗೋಲು ಹೊಡೆಯುವವಳು ದಂಡೆಯ ಮೇಲೆ ಕೂತು ಬೈಯುತ್ತಿದ್ದರೆ ಗೆಲ್ಲುವುದು ಹೇಗೆ.

ಕೂಸು ಬೇಸಿಗೆಯಲ್ಲಿ ಹುಟ್ಟಿತು, ಹೆಣ್ಣು. ಸೂಲಗಿತ್ತಿಯ ಬೆರಳನ್ನು ಹಿಡಿದದ್ದು ಬಿಡದೆ, ಅವಳು ಎಡಗೈಯಲ್ಲೇ ನೀರು ಹಾಕಬೇಕಾಯಿತಂತೆ. ಹೆರುವವರೆಗೂ ನಾನು ದಿನಾ ಎತ್ತಿದೆ. ಯಾರಿಗೆ ಹೋಗುತ್ತದೆಂದು ಗೊತ್ತಿದ್ದು ಎತ್ತುವುದರ ಸುಖವೇ ಬೇರೆ. ಬಾಣಂತನ ಮುಗಿದ ಮೇಲೆ ಸಾವಂತ್ರೆವ್ವ ಮತ್ತೆ ಎದುರು ಕೂತಳು. ನನ್ನ ಕಸುವು ಅವಳಿಗೆ ಬರತೊಡಗಿತು, ಬಾಯಿಯೂ ಮೊದಲಿನ ಹಾಗೆ ಹರಿಯತೊಡಗಿತು.

ಮಳೆ ಮುಗಿದ ಒಂದು ಬೆಳಿಗ್ಗೆ ಅವಳ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದೆ. ಅವಳು ಒಳಗೆ ರೊಟ್ಟಿ ಬಡಿಯುತ್ತ, ಹೊರಗೆ ನನಗೆ ಕೇಳುವ ಹಾಗೆ ಮಾತಾಡುತ್ತಿದ್ದಳು. ಕೂಸನ್ನು ಕಂಬಳಿಯ ಮೇಲೆ ಬೋರಲು ಹಾಕಿದ್ದಳು. ಅದು ಎಳೆಬಿಸಿಲಿನಲ್ಲಿ ಮುಖ ಊರಿ ಮಲಗಿದ್ದದ್ದು, ಏನನ್ನಿಸಿತೋ ತಲೆ ಎತ್ತಲು ಹೊರಟಿತು. ಕತ್ತು ನಡುಗಿತು, ತಲೆ ಬಿತ್ತು. ಮೂಗು ಕಂಬಳಿಗೆ ತಾಗಿ ಮುಖ ಕೆಂಪಾಯಿತು. ಮತ್ತೆ ಎತ್ತಿತು. ಈ ಸಲ ಮುಷ್ಟಿ ಎರಡನ್ನೂ ನೆಲಕ್ಕೆ ಊರಿ, ಹಲ್ಲಿಲ್ಲದ ಬಾಯಿ ಬಿಗಿದು, ತಲೆಯನ್ನು ಮೇಲೆ ತಂದು, ನೆಟ್ಟಗೆ ನನ್ನ ಮುಖ ನೋಡಿತು. ಹಾಗೇ ನೋಡುತ್ತ ತಲೆಯನ್ನು ಹಿಡಿದಿಟ್ಟುಕೊಂಡಿತು.

ನನ್ನ ಕತ್ತಿನ ಹಿಂದೆ, ಕೂದಲು ಮುಗಿಯುವಲ್ಲಿ, ಏನೋ ಬಂದು ಸೇರಿತು. ಉಣ್ಣೆಯ ಒಂದು ಎಳೆಯಷ್ಟು. ಆದರೆ ಅದು ಕಸುವೇ. ಅಷ್ಟು ವರ್ಷ ತೆಗೆದುಕೊಂಡವಳಿಗೆ ಗುರುತು ತಪ್ಪುವುದಿಲ್ಲ.

ಉಣ್ಣೆಯನ್ನು ಪಕ್ಕಕ್ಕಿಟ್ಟೆ. ಸೆರಗು ಸರಿಮಾಡಿಕೊಂಡು, ಜೋಡಿಯ ಎದುರು ಕೂರುವಂತೆ ಕಾಲು ಮಡಚಿ, ಆ ಕೂಸಿನ ಎದುರು ನೆಟ್ಟಗೆ ಕೂತೆ.